ಶಾಲು ಹೊದಿಸುವ ಮೊದಲು

ಸಿಟ್ಟು ಬಂದರೆ ನಮ್ಮ ಇತಿಹಾಸದ ಮಾಸ್ತರರ ಗಂಟಲಮಣಿ ಮಾತಿಗಿಂತ ಮೊದಲೇ ಕುಣಿಯುತ್ತಿತ್ತು. ಉದ್ದನೆಯ ಕುತ್ತಿಗೆ, ತೋಳು ಮಡಚಿದ ಖಾದಿ ಅಂಗಿ. ಮಾನ್ವಿಯ ಕಾಲೇಜಿನಲ್ಲಿ ಅವರು ಕಮ್ಯುನಿಸ್ಟ್ ದೇಶಗಳ ಪಾಠ ಮಾಡಿದರೆ ನಾವೂ ಅಲ್ಲೇ ಹುಟ್ಟಬೇಕಿತ್ತು ಅನಿಸುತ್ತಿತ್ತು. ಹಾಸ್ಟೆಲ್ ಹುಡುಗರಿಗೆ ಜ್ವರ ಬಂದರೆ ಮನೆಯಿಂದ ಗಂಜಿ ತರುತ್ತಿದ್ದ ಮನುಷ್ಯ. ಅವರ ಮಾತನ್ನು ನಂಬದೆ ಇರುವುದು ಹೇಗೆ?

ಆದರೂ ಪೂರ್ವ ಜರ್ಮನಿಯ ಪಾಠದಂದು ಎದ್ದು ನಿಂತು ಕೇಳಿಬಿಟ್ಟೆ. "ಅಷ್ಟು ಸುಖ ಅದ ಅಂದ್ರ, ಮಂದಿ ಓಡಿಹೋಗಬಾರದಂತ ಗ್ವಾಡಿ ಯಾಕ ಕಟ್ಯಾರ್ರೀ ಸರ?"

"ಯಾರ ಏಜೆಂಟಲೇ ನೀ? ಯಾರು ಕಳಿಸ್ಯಾರ ನಿನ್ನ?"

ಗೆಳೆಯರು 'ಏಜೆಂಟ್' ಎಂಬ ಹೆಸರನ್ನೇ ಕಾಯಂ ಮಾಡಿದರು. ದೇವದುರ್ಗದಲ್ಲಿ ಔಷಧಿ ಅಂಗಡಿ ಹಾಕಿದ ಮೇಲೂ ಬಿಡಲಿಲ್ಲ. ನಾನು ವಿಮೆ ಏಜೆಂಟನೆಂದು ಪಾಲಿಸಿ ಕೇಳಿಕೊಂಡು ಬಂದವರೂ ಉಂಟು. ಮೇಲೆ ನಗುತ್ತಿದ್ದೆ. ಅಷ್ಟು ಮೆಚ್ಚಿದ ಮಾಸ್ತರರೇ ನನ್ನನ್ನು ದ್ರೋಹಿಯಂತೆ ಕಂಡರಲ್ಲ ಎಂಬ ಉರಿ ಮಾತ್ರ ಆರಲಿಲ್ಲ.

ಹೋದ ವರ್ಷ ರಾಯಚೂರಿನಲ್ಲಿ ನಮ್ಮ ತರಗತಿಯವರೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡೆವು. ಮಾಸ್ತರರ ಸರದಿ ಬಂದಾಗ ಅವರು ಶಾಲನ್ನು ಕೈಯಿಂದ ತಡೆದು, ನನ್ನ ಹೆಸರು ಹಿಡಿದು ವೇದಿಕೆಗೆ ಕರೆದರು.

"ಇಂವ ಕೇಳಿದ್ದು ಖರೇ ಇತ್ತು. ನನ್ನ ಹತ್ರ ಉತ್ತರ ಇರಲಿಲ್ಲ, ಅದಕ್ಕ ಬೈದೆ. ಮುಂದ ಆ ಗ್ವಾಡಿ ಬಿತ್ತು. ಅಲ್ಲಿ ಒಂದೊಂದು ದೇಶ ನಾಯಕರ ಮೂರ್ತಿ ಕೆಡವಿ ಕೈ ತೊಳ್ಕೊಂತು. ಒಂದೊಂದು ದೇಶ, ಯಾರು ಯಾರ ಮ್ಯಾಲೆ ಪೊಲೀಸರಿಗೆ ಚಾಡಿ ಹೇಳಿದ್ರು ಅಂತ ಕಡತ ತಗದು ಮಂದಿಗೆ ತೋರಿಸ್ತು. ನಾನು ಮೊದಲನೇ ನಮೂನಿಯವ. ಮನಿಯೊಳಗಿನ ನಾಯಕರ ಫೋಟೋ ಇಳಿಸಿ ಸುಮ್ಮ ಕುಂತೆ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ವಾಪಸ್ ತಗೊಂತೀನಿ. ತಪ್ಪಾತಪಾ."

ನನ್ನ ಬಾಯಿ ಸುಮ್ಮನಿದ್ದರೆ ತಾನೆ? "ಇಷ್ಟು ವರ್ಷ ಯಾಕ ಬೇಕಾತ್ರೀ ಸರ?" ಎಂದೆ.

"ಅಂಜಿಕಿ ಲೇ. ನಿಮ್ಮ ಮುಂದ ಸಣ್ಣಾಂವ ಆಗ್ತೀನಂತ ಅಂಜಿಕಿ," ಎಂದು ಗಟ್ಟಿಯಾಗಿ ನಕ್ಕರು. ಶಾಲನ್ನು ನಾನೇ ಹೊದಿಸಿದೆ. ಊಟಕ್ಕೆ ನನ್ನ ಪಕ್ಕದಲ್ಲೇ ಕುಳಿತು, ಸಕ್ಕರೆ ಕಾಯಿಲೆ ಮರೆತು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. "ಹಗುರಾತು ನೋಡು," ಎಂದರು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಈ ಬೇಸಿಗೆಯಲ್ಲಿ ಮಾಸ್ತರರು ತೀರಿಕೊಂಡರು. ಅಂದು ಅವರು ಆ ಮಾತು ಆಡದೆ ಹೋಗಿದ್ದರೆ ನಾನು ಮಣ್ಣಿಗೆ ಹೋಗಿ, ಮುಖ ತೋರಿಸಿ, ಮುಂದಿನ ಬಸ್ಸು ಹಿಡಿಯುತ್ತಿದ್ದೆ. ಈಗ ಎಷ್ಟು ಅತ್ತೆನೆಂದರೆ, ಅವರ ಮಗಳೇ ಬಂದು ನನ್ನನ್ನು ಸಮಾಧಾನ ಮಾಡಬೇಕಾಯಿತು.