ಮೀನಿನ ಹೊಟ್ಟೆಯಲ್ಲಿ ಒಂದು ಸಾಲು

ಇವತ್ತು ಬೆಳಿಗ್ಗೆ ಒಂದು ಗೃಹಪ್ರವೇಶದ ಕಾರ್ಡು ಬಂತು. ಅಕ್ಷರಗಳೆಲ್ಲ ಕಳಶದ ಆಕಾರದೊಳಗೆ ಅಚ್ಚುಕಟ್ಟಾಗಿ ಕೂತಿದ್ದವು. ಮುಹೂರ್ತ ಎಷ್ಟು ಗಂಟೆಗೆ ಎಂದು ನೋಡುವುದು ಬಿಟ್ಟು, ಅಂಚಿನಲ್ಲಿ ಯಾವುದಾದರೂ ಒತ್ತಕ್ಷರದ ಬಾಲ ಕತ್ತರಿಸಿಹೋಗಿದೆಯೇ ಎಂದು ಹುಡುಕುತ್ತ ಕೂತೆ. ನಗಬೇಡಿ. ಈ ಚಟ ನನಗೆ ಅಂಟಿದ್ದು, ಜೆ.ಪಿ. ನಗರದ ನಮ್ಮ ಬಡಾವಣೆಯ ರಾಜ್ಯೋತ್ಸವ ಸಂಚಿಕೆಗೆ ಮೊದಲ ಸಲ ಸಂಪಾದಕನಾದಾಗ. ಸಂಪಾದಕ ಎಂದರೆ ಬೇರೇನಲ್ಲ, ಸಭೆಯಲ್ಲಿ ಬೇಡ ಎನ್ನಲು ತಡಮಾಡಿದವನು.

ನಮ್ಮ ಬೀದಿಯ ಮೂರು ಮನೆಗಳಲ್ಲಿ ಅಡುಗೆ ಮಾಡುವ ಗೌರಮ್ಮನವರು ಅರವತ್ತು ದಾಟಿದ ಮೇಲೆ ನನ್ನ ಹೆಂಡತಿಯ ಹತ್ತಿರ ಓದುಬರಹ ಕಲಿತವರು. ಹುಳಿಮಾವು ಕೆರೆಯಲ್ಲಿ ಅಮ್ಮನ ಹಳೇ ಸೀರೆ ಒಡ್ಡಿ ಮೀನು ಹಿಡಿಯುತ್ತಿದ್ದುದನ್ನು ಬರೆದು ಕೊಟ್ಟರು. ಓದಿ ನಾನು ಕುಣಿದುಬಿಟ್ಟೆ. ಇದನ್ನು ಮೀನಿನ ಆಕಾರದೊಳಗೇ ಅಚ್ಚು ಹಾಕಿಸಬೇಕು!

ಜಯನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಸುಧಾ ಪರದೆಯ ಮೇಲೆ ಒಂದು ತೆಳ್ಳನೆಯ ಮೀನು ಬಿಡಿಸಿ ಬರಹವನ್ನು ಒಳಗೆ ಸುರಿದರು. ಸಾಲುಗಳು ತಲೆಯಿಂದ ಬಾಲದವರೆಗೂ ಸರಸರನೆ ಹರಡಿಕೊಂಡವು. ನನಗೋ ಮೈ ಜುಮ್ಮೆಂದಿತು. ಆದರೆ ಮೂಲೆಯಲ್ಲಿ ಕೆಂಪು ಗುರುತೊಂದು ಮೂಡಿತು.

"ಒಂದು ಸಾಲು ಒಳಗೆ ಹೋಗಿಲ್ಲ ಸಾರ್," ಎಂದರು ಸುಧಾ. "ಅಕ್ಷರ ಇನ್ನೂ ಚಿಕ್ಕದು ಮಾಡಿದ್ರೆ ಬರೆದವ್ರಿಗೇ ಓದಕ್ಕಾಗಲ್ಲ."

ಹೊರಗುಳಿದದ್ದು ಕೊನೆಯ ಸಾಲು: "ಇದನ್ನು ನಾನೇ ಬರೆದೆ." ಮೇಲೆ ಹೆಸರು ಇದ್ದೇ ಇದೆಯಲ್ಲ, ತೆಗೆದರಾಯಿತು ಎಂದುಕೊಂಡು, ಹೇಳಿಬಿಡೋಣವೆಂದು ಗೌರಮ್ಮನವರಿಗೆ ಫೋನು ಮಾಡಿದೆ.

"ಅಲ್ಲೇ ಇರಿ ಸಾರ್, ಬರ್ತೀನಿ," ಎಂದು ಫೋನಿಟ್ಟರು.

ಸ್ವಲ್ಪ ಹೊತ್ತಿಗೆಲ್ಲ ಆಟೋದಲ್ಲಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಒಳಗೆ ನಿಂತರು. "ಮನೇಲಿ ಯಾರೂ ನಂಬ್ತಿಲ್ಲ ಸಾರ್. ಟೀಚರ್ ಬರ್ಕೊಟ್ರು ಅಂತಾರೆ. ಮೀನು ನಿಮ್ದು, ಆ ಸಾಲು ನಂದು. ನಂದ್ಯಾಕೆ ತೆಗೀತೀರಿ?"

ನನ್ನ ಸಂಪಾದಕತ್ವವೆಲ್ಲ ಇಳಿದುಹೋಯಿತು. ಸುಧಾ ಮೀನಿನ ಬೆನ್ನನ್ನು ಮೇಲಕ್ಕೆ ಎಳೆದರು. ಪದಗಳು ದಡಬಡನೆ ಜಾಗ ಬದಲಿಸಿದವು. ಕೆಂಪು ಗುರುತು ಮಾತ್ರ ಕದಲಲಿಲ್ಲ. ಬಾಲ ಅಗಲಿಸಿದರೂ ಅಷ್ಟೇ.

ಗೌರಮ್ಮನವರು ತಡೆಯಲಾರದೆ ಪರದೆಗೆ ಬೆರಳಿಟ್ಟರು. "ನಮ್ ಕೆರೆ ಮೀನು ಹೀಗಿರ್ಲಿಲ್ಲಮ್ಮ. ಮೊಟ್ಟೆ ತುಂಬ್ಕೊಂಡಾಗ ಹೊಟ್ಟೆ ಇಷ್ಟು ಕೆಳಗಿರೋದು." ಬೆರಳು ಗಾಜಿನ ಮೇಲೆ ಒಂದು ದುಂಡು ಗೆರೆ ಎಳೆಯಿತು. ಸುಧಾ ಆ ಗೆರೆಯನ್ನೇ ಹಿಡಿದು ಹೊಟ್ಟೆಯನ್ನು ಇಳಿಸುತ್ತ ಬಂದರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ನಾನು ಕ್ರಿಕೆಟ್ ನೋಡುವವನಂತೆ ಕುರ್ಚಿಯ ತುದಿಗೆ ಬಂದಿದ್ದೆ. ಕೆಂಪು ಗುರುತು ಫಕ್ಕನೆ ಮಾಯವಾಯಿತು. ತಳದಲ್ಲಿ, ನಟ್ಟನಡುವೆ, "ಇದನ್ನು ನಾನೇ ಬರೆದೆ."

"ಬಂತು!" ಎಂದು ಮೂವರೂ ಒಟ್ಟಿಗೆ ಕಿರುಚಿದ್ದಕ್ಕೆ ಪಕ್ಕದ ಟೈಲರ್ ಏನಾಯಿತೋ ಎಂದು ಇಣುಕಿ ನೋಡಿದರು.

ರಾಜ್ಯೋತ್ಸವದ ದಿನ ಗೌರಮ್ಮನವರು ಅದನ್ನು ವೇದಿಕೆಯ ಮೇಲೆ ತಾವೇ ಓದಿದರು. ಮುಂದಿನ ಸಾಲಿನಲ್ಲಿ ಮಗ, ಸೊಸೆ ಕೂತಿದ್ದರು. ಕೊನೆಯ ಸಾಲನ್ನು ಅವರತ್ತ ನೋಡುತ್ತ ಎರಡು ಸಲ ಓದಿದರು.

ಇದನ್ನು ಬರೆಯುತ್ತಿರುವಾಗಲೇ ಅವರ ಫೋನು ಬಂತು.

"ಸಾರ್, ಈ ಸಲ ಐದು ಪುಟ ಇದೆ. ಯಾವ ಪ್ರಾಣಿ ಒಳಗೂ ಹಾಕ್ಬೇಡಿ."

"ಇಲ್ಲ ಗೌರಮ್ನೋರೆ," ಎಂದೆ. "ನೀವು ಬರೀತಾ ಹೋಗಿ. ಪುಟ ಎಷ್ಟು ಬೇಕೋ ಅಷ್ಟು ಮಾಡಿಸ್ತೀನಿ."