ತಪ್ಪು ಹಿಟ್ಟಿನದು

ಮೊಮ್ಮಕ್ಕಳೇ, ಕಲಬುರಗಿಯ ಖೂಬಾ ಪ್ಲಾಟ್‌ನ ಮದುವೆಯಲ್ಲಿ ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಊಟಕ್ಕೆ ಕುಳಿತಾಗ ಅತ್ತಿಗೆಯಾದ ನನ್ನ ಬಗ್ಗೆ ಎಲ್ಲರಿಗೂ ಕೇಳುವಂತೆ ಹೇಳಿದ್ದನ್ನು ನೀವೂ ಕೇಳಿದಿರಿ. "ನಮ್ಮ ವೈನಿ ದೋಣಿ ಏರಿದ್ದೇ ತಡ, ಸಮುದ್ರದಾಗಿನ ಮೀನೆಲ್ಲಾ ಗೋವಾಕ್ಕ ಓಡಿ ಹೋದ್ವು ನೋಡ್ರಿ." ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನು ತಟ್ಟೆ ನೋಡುತ್ತ ಕುಳಿತೆ. ಹತ್ತು ಮಂದಿಯ ನಡುವೆ ನನಗೆ ಬಾಯಿ ಬರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಉತ್ತರ ಕೊಡುತ್ತೇನೆ.

ಕಮಲಾಪುರದ ಕಡೆ ನಮ್ಮದು ಕೆರೆಯಲ್ಲಿ ಮೀನು ಹಿಡಿಯುವ ಮನೆತನ. ನಿಮ್ಮಜ್ಜ ಬಲೆಯನ್ನೋ ಗಾಳವನ್ನೋ ಬಿಡುತ್ತಿದ್ದರು, ನಾನು ಹುಟ್ಟು ಹಾಕುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಗಂಡ ಸತ್ತವಳು ದೋಣಿಗೆ ಕಾಲಿಡುವಂತಿಲ್ಲ. ಇಟ್ಟರೆ ನೀರು ಬರಿದಾಗುತ್ತದಂತೆ. ನಿಮ್ಮಜ್ಜ ಹೋದ ಮೇಲೆ ಒಂದು ಬೆಳಿಗ್ಗೆ ಮೈದುನ ಕೆರೆಯ ದಂಡೆಯಲ್ಲಿ ನನ್ನ ಕೈಯಿಂದ ಹುಟ್ಟು ತೆಗೆದುಕೊಂಡ. ನಾನು ಕೊಟ್ಟುಬಿಟ್ಟೆ. ಕಲಬುರಗಿಗೆ ಬಂದು, ಬ್ರಹ್ಮಪುರದಲ್ಲಿ ನಿಮ್ಮ ಅಪ್ಪನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಉಳಿದೆ.

ನಿಮ್ಮ ಅತ್ತೆಗೆ, ಅಂದರೆ ನನ್ನ ಮಗಳಿಗೆ, ಕುಮಟಾ ಕಡೆ ನರ್ಸ್ ಕೆಲಸ ಸಿಕ್ಕಾಗ ಅವಳ ಹೊಸ ಮನೆ ನೋಡಲು ಹೋದೆ. ನನ್ನೊಬ್ಬಳನ್ನೇ ಕಳಿಸಬಾರದೆಂದು ಮೈದುನ ಜೊತೆಗೆ ಬಂದ. ಅತ್ತೆಯ ಗುರುತಿನ ದೋಣಿಯವನೊಬ್ಬ ಗಾಳ ಹಾಕಲು ನಮ್ಮನ್ನು ಕಡಲಿಗೆ ಕರೆದೊಯ್ಯಲು ಒಪ್ಪಿದ. ಮರಳಿಗೆ ಬಂದ ಕೂಡಲೇ ಮೈದುನ ಶುರು ಮಾಡಿದ.

"ವೈನಿ, ನೀವ್ ಇಲ್ಲೇ ಕುಂಡ್ರಿ. ನಾವು ಹೋಗಿ ಬರ್ತೀವಿ."

"ಯಾಕ್ರೀ ಕಾಕಾ?" ಎಂದಳು ನಿಮ್ಮ ಅತ್ತೆ. "ಅವ್ವ ನಿಮಗಿಂತ ಛಲೋ ಈಸ್ತಾಳ."

"ಈಸೋ ಮಾತಲ್ಲವ್ವಾ. ಪದ್ಧತಿ ಅಂತ ಒಂದದ."

"ನಿಮ್ಮ ಪದ್ಧತಿ ಈ ಸಮುದ್ರಕ್ಕ ಯಾರು ಹೇಳ್ಯಾರ?"

ಅವರು ವಾದ ಮಾಡುತ್ತಿರುವಾಗಲೇ ನಾನು ನೆರಿಗೆ ಎತ್ತಿ ಸಿಕ್ಕಿಸಿಕೊಂಡು ದೋಣಿ ಹತ್ತಿದೆ. ದೋಣಿಯವನು ಕೊಟ್ಟ ಕಿತ್ತಳೆ ಬಣ್ಣದ ಜಾಕೀಟನ್ನು ಸೀರೆಯ ಮೇಲೆಯೇ ಹಾಕಿಕೊಂಡೆ. ಮೈದುನ ಮುಖ ತಿರುಗಿಸಿಕೊಂಡು ಇನ್ನೊಂದು ತುದಿಯಲ್ಲಿ ಕುಳಿತ.

ಇನ್ನು ನನ್ನ ತಪ್ಪು ಹೇಳುತ್ತೇನೆ. ಕಲಬುರಗಿಯಿಂದಲೇ ಒಂದು ಡಬ್ಬಿಯಲ್ಲಿ ಗಾಳದ ಹಿಟ್ಟು ತಂದಿದ್ದೆ. ಜೋಳದ ಹಿಟ್ಟು, ಶೇಂಗಾ ಹಿಂಡಿ, ಚೂರು ಬೆಲ್ಲ ಹಾಕಿ ಗಟ್ಟಿಯಾಗಿ ನಾದಿದ್ದು. ನಮ್ಮ ಕೆರೆಯ ಮೀನು ಅದರ ವಾಸನೆಗೇ ಬರುತ್ತವೆ. ದೋಣಿಯವನು ಇಣುಕಿ ನೋಡಿದ.

"ಇದೆಂತ ಅಮ್ಮಾ, ತಿಂಡಿಯಾ?"

"ಮೀನಿಗಿ," ಎಂದೆ.

ಅವನು ನಗುತ್ತ ತನ್ನ ಸಿಗಡಿ ಚೂರುಗಳ ಬುಟ್ಟಿ ಮುಂದೆ ತಳ್ಳಿದ. ನಾನು ಮುಟ್ಟಲಿಲ್ಲ. ಮೈದುನನೂ, ಹುಟ್ಟಿದಾಗಿನಿಂದ ಈ ಹಿಟ್ಟಿನಲ್ಲೇ ಹಿಡಿದವನು, ಸಿಗಡಿ ನೋಡಿ ಮೂಗು ಮುರಿದ. "ಮೀನಿಗಿ ಮೀನಿನ ಬಳಗಾನೇ ತಿನಸ್ತಾರೇನು?" ಅಷ್ಟು ಹೊತ್ತಿನಲ್ಲಿ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ. ನಿಮ್ಮ ಅತ್ತೆಗೂ ಹಿಟ್ಟನ್ನೇ ಕೊಟ್ಟೆವು.

ಕೆರೆಯ ನೀರು ಅಲುಗುವುದಿಲ್ಲ. ಅಲ್ಲಿ ಉಂಡೆ ಗಾಳಕ್ಕೆ ಕಚ್ಚಿಕೊಂಡು ಕೂರುತ್ತದೆ. ಇಲ್ಲಿ ಅಲೆ ದೋಣಿಯನ್ನು ಎತ್ತಿ ಇಳಿಸುತ್ತಿತ್ತು, ದಾರ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಎಳೆದು ನೋಡಿದರೆ ಪ್ರತಿ ಸಲ ಬರೀ ಕೊಕ್ಕೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಡಬ್ಬಿ ಖಾಲಿ, ಬುಟ್ಟಿಯೂ ಖಾಲಿ.

"ನಾ ಮೊದಲೇ ಹೇಳಿದ್ದೆ," ಎಂದ ಮೈದುನ. ಆಮೇಲೆ ದೋಣಿಯವನಿಗೆ, "ದಂಡಿಗಿ ಒಯ್ರಿ. ಇವರಿಗಿ ಇಳಿಸಿ ಮತ್ತ ಬರೂಣು."

ದೋಣಿಯವನು ನನ್ನ ಮುಖ ನೋಡಿದ. ನಾನು ಇಳಿದ ಮೇಲೆ ಸಿಗಡಿ ಸಿಕ್ಕಿಸಿ ಇವರು ಒಂದೇ ಒಂದು ಮೀನು ಹಿಡಿದರೂ ಸಾಕು, ಪದ್ಧತಿ ನಿಜವೆನ್ನುತ್ತಾರೆ. ಆಮೇಲೆ ನಾನು ಸಾಯುವ ತನಕ ಯಾವ ನೀರಿಗೂ ಇಳಿಯುವ ಹಾಗಿಲ್ಲ. ನಾಳೆ ಅಂಥ ಹೊತ್ತು ಬಂದರೆ ನಿಮ್ಮ ಅತ್ತೆಗೂ ಅದೇ ಗತಿ.

"ಗಾಳ ನೋಡಪಾ," ಎಂದೆ. ಬರೀ ಕೊಕ್ಕೆಯನ್ನು ಮೈದುನನ ಮುಂದೆ ಹಿಡಿದೆ. "ಹಿಟ್ಟು ಕರಗ್ಯಾದ. ಅದನ್ನ ತಂದಾಕಿ ನಾನು, ತಪ್ಪು ನಂದೇ. ಬೈಯೋದಿದ್ರ ಅದಕ್ಕ ಬೈ. ನಿಮ್ಮಣ್ಣ ಸತ್ತಿದ್ದು ನನ್ನ ತಪ್ಪಲ್ಲ. ಅದಕ್ಕಂತ ನಾ ಇಳಿಯಂಗಿಲ್ಲ."

ಮೈದುನನ ಮುಖಕ್ಕೆ ಮುಖ ಕೊಟ್ಟು ನಾನು ಆಡಿದ ಮೊದಲ ಮಾತು ಅದು. ಅವನು ತನ್ನ ದಾರ ಸುತ್ತಿಟ್ಟ.

"ಹಂಗಾದ್ರ ನಾನೇ ಇಳೀತೀನಿ."

"ಇಳಿ."

ಅವನನ್ನು ದಂಡೆಗೆ ಬಿಟ್ಟು ನಾವು ಮೂವರೂ ತಿರುಗಿ ಹೋದೆವು. ಈ ಸಲ ಸಿಗಡಿ ಸಿಕ್ಕಿಸಿದೆ. ನಮ್ಮಲ್ಲಿ ನೀರಿನ ಮೇಲೆ ತೇಲುವ ಬೆಂಡು ನೋಡಿ ಎಳೆಯುತ್ತೇವೆ. ಇಲ್ಲಿ ಬೆಂಡೇ ಇಲ್ಲ, ಬೆರಳಿನ ಮೇಲೆ ದಾರ ಇಟ್ಟುಕೊಂಡು ಕಾಯಬೇಕು. ಒಮ್ಮೆ ದಾರ ಜಗ್ಗಿತು. ಕೆರೆಯ ರೂಢಿಯಲ್ಲಿ ಫಟ್ಟನೆ ಎಳೆದೆ, ತಪ್ಪಿಸಿಕೊಂಡಿತು.

"ಅವಸರ ಎಂತಕ್ಕೆ ಅಮ್ಮಾ, ಅದು ನುಂಗ್ಲಿ," ಎಂದ ದೋಣಿಯವನು.

ಮತ್ತೆ ಯಾವುದೂ ಬರಲಿಲ್ಲ. ಬರಿಗೈಯಲ್ಲೇ ಮರಳಿದೆವು. ಮೈದುನ ಎದ್ದು ಬಂದು ಬುಟ್ಟಿಯಲ್ಲಿ ಇಣುಕಿದ.

"ಏನ್ ಸಿಕ್ತು ವೈನಿ?"

"ಏನೂ ಸಿಗಲಿಲ್ಲ."

"ನೋಡ್ರಿ ಮತ್ತ."

"ನೋಡೀನಿ. ನಾಳಿ ಮತ್ತ ಹೋಗ್ತೀನಿ."

ಮರುದಿನ ಅವನು ಊರಿನ ಬಸ್ಸು ಹಿಡಿದ, ನಾನು ದೋಣಿ ಹತ್ತಿದೆ. ಅಂದೂ ಮೀನು ಬರಲಿಲ್ಲ. ಆಮೇಲೆ ಎಷ್ಟು ಸಿಕ್ಕವು ಎಂದು ಕೇಳಬೇಡಿ, ನಾನು ಹೇಳುವುದಿಲ್ಲ. ಸಿಕ್ಕಿದ್ದನ್ನು ಎಣಿಸಿ ತೋರಿಸಿದರೆ, ಸಿಗದ ದಿನ ಅವನ ಮಾತೇ ನಿಜವೆಂದು ನಾನೇ ಒಪ್ಪಿದ ಹಾಗಾಗುತ್ತದೆ. ಮೂರನೆಯ ದಿನ ಹೊರಡುವುದು ತುಸು ತಡವಾಯಿತು. ಬೇಗ ಬೇಗ ಮರಳು ದಾಟಿ ಹೋದರೆ, ಬೇರೆ ದೋಣಿಗಳೆಲ್ಲ ಆಗಲೇ ಹೊರಟಿದ್ದವು. ಎರಡು ದಿನ ನನ್ನೊಂದಿಗೆ ಬರಿಗೈಯಲ್ಲಿ ಮರಳಿದ್ದ ನಮ್ಮ ದೋಣಿಯವನು ಮಾತ್ರ ಹಗ್ಗ ಬಿಚ್ಚದೆ, ಮೊಣಕಾಲುದ್ದ ನೀರಿನಲ್ಲಿ ನನಗಾಗಿ ಕಾಯುತ್ತ ನಿಂತಿದ್ದ.