ರೋಜಾದ ಸುಸ್ತು

ಗೌಹರಳಿಗೆ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಮೊದಲು ಬಾಯಿಬಿಟ್ಟವಳು ನಾದಿನಿ ನಾಜಿಯಾ, ಅದೂ ಹಂಗಿಸಲಿಕ್ಕೆ. ರಂಜಾನ್ ತಿಂಗಳು. ಮುಟ್ಟಾದ ಹೆಂಗಸು ರೋಜಾ, ಅಂದರೆ ಹಗಲಿನ ಉಪವಾಸ, ಹಿಡಿಯುವಂತಿಲ್ಲ. ಚಿದ್ರಿಯ ಆ ಎರಡು ಕೋಣೆಯ ಮನೆಯಲ್ಲಿ ಹಗಲು ಯಾರು ನೀರು ಕುಡಿದರೆಂಬುದು ಮುಚ್ಚಿಟ್ಟರೆ ಮುಚ್ಚುವ ಮಾತಲ್ಲ.

“ಭಾಭಿ, ನಿಮ್ಮ ಸೂಟಿ ಇನ್ನೂ ಮುಗಿಲಿಲ್ಲೇನ್ರಿ? ಸಾಲಿ ಮಕ್ಕಳಿಗೂ ಇಷ್ಟು ಸೂಟಿ ಸಿಗಂಗಿಲ್ಲ!”

ಗೌಹರ ನಕ್ಕಂತೆ ಮಾಡಿ ರೊಟ್ಟಿ ತಟ್ಟಿದಳು. ಹೋದ ತಿಂಗಳು ಮುಟ್ಟು ಬಂದೇ ಇರಲಿಲ್ಲ. ಈಗ ಬಂದದ್ದು ನಿಲ್ಲುತ್ತಿಲ್ಲ. ಬರೀ ಕಂದು ಕಲೆ, ಇವತ್ತು ಇದ್ದರೆ ನಾಳೆ ಇಲ್ಲ. ಬಸಿರೇನೋ ಎಂಬ ಯೋಚನೆ ಬಂದಿತ್ತು, ಅವಳೇ ಅದನ್ನು ಅಟ್ಟಿದ್ದಳು. ಮಗ ಗುಡ್ಡು ಹುಟ್ಟಿದಾಗಲೇ ತವರೂರು ಔರಾದದಲ್ಲಿ ಮಕ್ಕಳಾಗದ ಆಪರೇಷನ್ ಆಗಿತ್ತು. ಗುಡ್ಡು ಈಗ ಶಾಲೆಗೆ ಹೋಗುತ್ತಾನೆ. ಗಂಡ ಮುನೀರೋದ್ದೀನ ಬಾಡಿಗೆ ಟಂಟಂ ಗಾಡಿ ಓಡಿಸುತ್ತ ವಾರದಲ್ಲಿ ಅರ್ಧ ಭಾಲ್ಕಿಯಲ್ಲೇ ಕಳೆಯುತ್ತಾನೆ. ಇಂಥದರಲ್ಲಿ ಬಸಿರೆಂದರೆ ಯಾರು ಏನೆಂದಾರು?

ನಾಜಿಯಾಳ ಮಾತು ತಾಳದೆ ಮರುದಿನ ನಸುಕಿನ ಸಹರಿ ಊಟಕ್ಕೆ ಎದ್ದು ರೋಜಾ ಹಿಡಿದುಬಿಟ್ಟಳು. ಮಧ್ಯಾಹ್ನಕ್ಕೆ ಎಡಗಡೆ ಕಿಬ್ಬೊಟ್ಟೆ ಹಿಂಡಿತು, ತಲೆ ಗಿರ್ರೆಂದಿತು. ರೋಜಾದ ಸುಸ್ತು ಅಂದರು ಎಲ್ಲರೂ. ಅವಳಿಗೂ ಹಾಗೆ ನಂಬುವುದೇ ಹಗುರಾಗಿತ್ತು.

ಸಂಜೆ ಖರ್ಜೂರ ಹಂಚುವಾಗ ಹಣೆ ತಣ್ಣಗೆ ಬೆವರಿತು. ಅತ್ತೆ ವಜೀರಬೀ ಬಂದು ಪಕ್ಕದಲ್ಲಿ ಕೂತಳು.

“ಎಲ್ಲಿ ಬ್ಯಾನಿ ಅದ?”

“ಈಗ ಹೆಗಲಿಗ್ರಿ ಅಮ್ಮಿ.”

“ಹಸಿದ್ರ ಹೆಗಲ್ಯಾಕ ನೋಯ್ತದ? ಖರೇ ಹೇಳು ಬೇಟಿ. ಮುಟ್ಟು ನಿಂತಾದೋ ಇಲ್ಲೋ?”

ಗೌಹರ ಬಾಗಿಲ ಕಡೆ ನೋಡಿದಳು. ನಾಜಿಯಾ ಅಲ್ಲೇ ನಿಂತಿದ್ದಳು.

“ಇಲ್ರಿ, ಇನ್ನಾ ಕಲೆ ಕಾಣ್ತದ. ಹೋದ ತಿಂಗಳಂತೂ ಬರಲೇ ಇಲ್ಲ.”

ವಜೀರಬೀ ತಟ್ಟನೆ ಬಾಗಿಲ ಕಡೆ ತಿರುಗಿದಳು. “ನಾಜಿಯಾ, ಆಟೋ ಕರಿ.”

“ಅಜಾನ್ ಆಗ್ಲಿ ಅಮ್ಮಿ, ರೋಜಾ ಬಿಡೋ ಹೊತ್ತು, ಇನ್ನೇನು—”

“ಅಜಾನ್ ದಿನಾ ಆಗ್ತದ. ಕರಿ ಅಂದೆ!”

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಗಡಬಡಿಸಿದಳು. “ಬಸಿರು ಗರ್ಭನಳಿಕೆಯೊಳಗ ನಿಂತು ಒಡೆದದ. ಹೊಟ್ಟಿ ತುಂಬ ರಕ್ತ. ಈಗಿಂದೀಗ ಹೊಟ್ಟಿ ಕೊಯ್ಯಬೇಕು.”

ನಾಜಿಯಾ ಹಿಡಿದಿದ್ದ ಫೋನಿನಲ್ಲಿ ಭಾಲ್ಕಿಯಿಂದ ಮುನೀರೋದ್ದೀನ ಕೂಗಿದ: “ಬಸಿರು? ಆಕಿಗಿ ಆಪರೇಷನ್ ಆಗ್ಯಾದಲ್ರೀ!”

ಗೌಹರ ಕಣ್ಣು ಮುಚ್ಚಿದಳು. ಚಾಕುವಿಗಿಂತ ಆ ಮಾತಿಗೇ ಅವಳು ಹೆದರಿದ್ದಳು.

“ಆಪರೇಷನ್ ಆದ್ರೂ ಎಲ್ಲೋ ಒಬ್ಬೊಬ್ಬರಿಗಿ ಹಿಂಗ ಆಗ್ತದ್ರಿ,” ಡಾಕ್ಟರಮ್ಮ ಅಂದಳು. “ಕೊಯ್ದ ನಳಿಕೆ ಮತ್ತ ಕೂಡ್ಕೋತದ. ಆಕಿ ತಪ್ಪಲ್ಲ, ಯಾರ ತಪ್ಪೂ ಅಲ್ಲ.”

ಫೋನಿನಲ್ಲಿ ಟಂಟಂ ಚಾಲೂ ಆದ ಸದ್ದು ಕೇಳಿತು. ಆಮೇಲೆ, “ನಾಜಿಯಾ, ಆಕಿ ಕಿವಿಗಿ ಹಿಡಿ... ಗೌಹರ, ನಾ ಹೊಂಟೇನಿ. ಮನಸಿಗಿ ಏನೂ ಹಚ್ಕೋಬ್ಯಾಡ. ನೀ ಉಳೀಬೇಕು, ಅಷ್ಟೇ.”

ನರ್ಸ್ ಬಳೆ ತೆಗೆಯಲು ಹೇಳಿದಳು. ನಾಜಿಯಾ ಅಳುತ್ತಲೇ ಒಂದೊಂದಾಗಿ ಜಾರಿಸಿದಳು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು.

ಮುನೀರೋದ್ದೀನ ಬಂದು ಮುಟ್ಟಿದ ಮೇಲೂ ಬಹಳ ಹೊತ್ತು ಆ ಬಾಗಿಲು ತೆರೆಯಲಿಲ್ಲ. ಕೊನೆಗೆ ಡಾಕ್ಟರಮ್ಮ ಹೊರಬಂದಳು.

“ಉಳದಾಳ್ರಿ.”

ಅವನು ನಾಜಿಯಾಳ ಕೈಯಲ್ಲಿದ್ದ ಬಳೆಗಳನ್ನು ಇಸಿದುಕೊಂಡು ಜೇಬಿಗಿಟ್ಟುಕೊಂಡ.